ಶೇಕಡ 90ರ ಹೆದ್ದಾರಿ: ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ, ಒಂದು ಪರಾಮರ್ಶೆ

ತರಗತಿಯಲ್ಲಿ ರೋಧಕಗಳ ಸರಣಿ ಜೋಡಣೆಯನ್ನು ವಿವರಿಸುವಾಗ ಹತ್ತು ಬಲ್ಬುಗಳ ಒಂದು ಮಾಲೆಯನ್ನು ಉದಾಹರಿಸುವುದು ಅಧ್ಯಾಪಕರಿಗೆ ವಾಡಿಕೆ. ಹತ್ತರಲ್ಲಿ ಒಂಬತ್ತು ಬಲ್ಬು ಸರಿಯಾಗಿದ್ದು ಒಂದರ ತಂತಿ ಮಾತ್ರ ಕಡಿದಿದ್ದರೆ ಎಷ್ಟು ಬೆಳಕು ಬಂದೀತು? ಶೇಕಡ 90 ಎಂದು ಯಾವ ವಿದ್ಯಾರ್ಥಿಯೂ ಹೇಳುವುದಿಲ್ಲ. ಪೂರಾ ಕತ್ತಲೆ ಎಂದು ಹಿಂದಿನ ಬೆಂಚಿನವರೂ ಹೇಳುತ್ತಾರೆ. ಆದರೆ ಅದೇ ವಿದ್ಯಾರ್ಥಿ, ಅದೇ ಅಧ್ಯಾಪಕ ಮನೆಗೆ ಹೋಗಿ ಪತ್ರಿಕೆ ಬಿಡಿಸಿ 'ಹೆದ್ದಾರಿ ಕಾಮಗಾರಿ ಶೇಕಡ 90 ಪೂರ್ಣ' ಎಂಬ ಸುದ್ದಿಯನ್ನು ಓದಿದರೆ, ಇನ್ನೇನು ಸ್ವಲ್ಪವೇ ಉಳಿದಿದೆ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ರಸ್ತೆಯೂ ಒಂದು ಸರಣಿ ಜೋಡಣೆಯೇ ಎಂಬುದು ಆಗ ನೆನಪಿಗೆ ಬರುವುದಿಲ್ಲ.

ಕೋಲಾರ ಜಿಲ್ಲೆಯ ಮೂಲಕ ಚೆನ್ನೈ ಕರಾವಳಿಯತ್ತ ಸಾಗುವ ಎಕ್ಸ್‌ಪ್ರೆಸ್‌ವೇಯ ಬಗ್ಗೆ ಹಲವು ವರ್ಷಗಳಿಂದ ಬಂದಿರುವ ಪ್ರಕಟಣೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಈ ಶೇಕಡಾವಾರು ಲೆಕ್ಕದ ದೋಷ ಸ್ಪಷ್ಟವಾಗುತ್ತದೆ. ರಸ್ತೆ ಬೇಡ ಎನ್ನುವುದು ಈ ಲೇಖನದ ವಾದವಲ್ಲ. ಅದನ್ನು ಅಳೆಯುತ್ತಿರುವ ಅಳತೆಗೋಲು ಸರಿಯಿಲ್ಲ ಎಂಬುದಷ್ಟೇ ವಾದ. ಅಳತೆಗೋಲು ತಪ್ಪಾದಾಗ ಹಣದ ಜೊತೆಗೆ ಜೀವವೂ ನಷ್ಟವಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಮೊದಲು ಸ್ವಲ್ಪ ಇತಿಹಾಸ. ಹಳೆಯ ಮದರಾಸು ರಸ್ತೆ ಹೊಸಕೋಟೆ, ಕೋಲಾರ, ಮುಳಬಾಗಿಲು, ನಂಗಲಿಗಳ ಮೂಲಕ ಪಲಮನೇರು, ಚಿತ್ತೂರಿಗೆ ಹೋಗುತ್ತಿತ್ತು. ಬಹುಕಾಲ ಅದು ರಾಷ್ಟ್ರೀಯ ಹೆದ್ದಾರಿ 4. ವಾಜಪೇಯಿಯವರ ಸರ್ಕಾರ ಸುವರ್ಣ ಚತುಷ್ಪಥ ಯೋಜನೆಯನ್ನು ಕೈಗೊಂಡಾಗ ಬೆಂಗಳೂರು–ಚೆನ್ನೈ ಭಾಗಕ್ಕೆ ಆಯ್ಕೆಯಾದ ದಾರಿ ಇದಲ್ಲ, ಹೊಸೂರು–ಕೃಷ್ಣಗಿರಿ–ವೆಲ್ಲೂರಿನ ದಾರಿ. ಹೀಗಾಗಿ ಕೋಲಾರದವರು ಚತುಷ್ಪಥವನ್ನು ಕಾಣಲು ಇನ್ನೂ ಹಲವು ವರ್ಷ ಕಾಯಬೇಕಾಯಿತು. ಹೊಸಕೋಟೆ–ಮುಳಬಾಗಿಲು ನಡುವಿನ ಸುಂಕದ ರಸ್ತೆ ಸಿದ್ಧವಾದದ್ದು 2010ರ ದಶಕದ ಆರಂಭದಲ್ಲಿ. ಅಷ್ಟರಲ್ಲಿ ಹೆದ್ದಾರಿಗಳ ಸಂಖ್ಯೆಗಳೇ ಬದಲಾಗಿದ್ದವು. ಬಂಟ್ವಾಳದಿಂದ ಹಾಸನ, ಬೆಂಗಳೂರು, ಕೋಲಾರಗಳ ಮೂಲಕ ಬರುವುದು 75 ಎಂದಾಯಿತು. ಹೊನ್ನಾವರದಿಂದ ಹೊರಟು ಚಿಂತಾಮಣಿ, ಶ್ರೀನಿವಾಸಪುರಗಳನ್ನು ಹಾಯ್ದು ಬರುವುದು 69. ಇವೆರಡೂ ಮುಳಬಾಗಿಲಿನಲ್ಲಿ ಸಂಧಿಸುತ್ತವೆ. ಪಶ್ಚಿಮ ಕರಾವಳಿಯ ಎರಡು ಊರುಗಳಿಂದ ಹೊರಟ ಹೆದ್ದಾರಿಗಳು ಪೂರ್ವದ ಗಡಿಯ ಒಂದು ತಾಲ್ಲೂಕು ಕೇಂದ್ರದಲ್ಲಿ ಕೂಡುವುದು ಭೂಪಟದಲ್ಲಿ ನೋಡಲು ಸೊಗಸಾಗಿಯೇ ಇದೆ.

ಇವೆಲ್ಲ ಇದ್ದರೂ, ಊರುಗಳನ್ನು ಮುಟ್ಟದೆ ನೇರವಾಗಿ ಸಾಗುವ, ಪ್ರವೇಶ ನಿಯಂತ್ರಿತವಾದ ಹೊಸ ಮಾರ್ಗವೊಂದು ಬೇಕೆಂಬ ಪ್ರಸ್ತಾಪ ಬಹಳ ಕಾಲ ಕಡತಗಳಲ್ಲಿತ್ತು. 2022ರ ಮೇ 26ರಂದು ಪ್ರಧಾನಿಯವರು ಚೆನ್ನೈಯಲ್ಲಿ ಅದಕ್ಕೆ ಶಂಕುಸ್ಥಾಪನೆ ಮಾಡಿದರು. ಆಗ ಪ್ರಕಟವಾದ ಅಂಕಿಗಳು ಹೀಗಿದ್ದವು: ಉದ್ದ 262 ಕಿ.ಮೀ., ವೆಚ್ಚ 14,870 ಕೋಟಿ ರೂಪಾಯಿ, ಪ್ರಯಾಣದಲ್ಲಿ ಉಳಿತಾಯ 2ರಿಂದ 3 ಗಂಟೆ. ಹೊಸಕೋಟೆಯಿಂದ ಶ್ರೀಪೆರಂಬುದೂರಿನವರೆಗಿನ ಈ ಮಾರ್ಗ ಕರ್ನಾಟಕದಲ್ಲಿ ಮಾಲೂರು, ಬಂಗಾರಪೇಟೆ, ಬೇತಮಂಗಲಗಳ ಬದಿಯಿಂದ ಸುಮಾರು 72 ಕಿ.ಮೀ. ಸಾಗುತ್ತದೆ, ಮುಂದೆ ಆಂಧ್ರದ ಚಿತ್ತೂರು ಜಿಲ್ಲೆ, ಆಮೇಲೆ ತಮಿಳುನಾಡು. 2024ರ ಆರಂಭಕ್ಕೆ ಮುಗಿಯುತ್ತದೆ ಎಂಬ ಭರವಸೆ ಹುಸಿಯಾಯಿತು. ಗಡುವು ಒಂದಾದ ಮೇಲೊಂದರಂತೆ ಮುಂದೆ ಹೋಯಿತು. 2024ರ ಡಿಸೆಂಬರಿನಲ್ಲಿ ಕರ್ನಾಟಕದ ಭಾಗದಲ್ಲಿ ವಾಹನಗಳು ಓಡತೊಡಗಿದವು. ಆ ಹೊತ್ತಿಗೆ ಆಚೆಯ ಎರಡು ರಾಜ್ಯಗಳಲ್ಲಿ ಕೆಲಸ ಇನ್ನೂ ನಡೆದಿತ್ತು. ಬೇತಮಂಗಲದ ಆಚೆ ಹೋದವರು 120 ಕಿ.ಮೀ. ವೇಗಕ್ಕೆಂದು ವಿನ್ಯಾಸಗೊಂಡ ರಸ್ತೆಯಿಂದ ಎತ್ತಿನ ಗಾಡಿಗೆ ದಾರಿ ಬಿಡಬೇಕಾದ ರಸ್ತೆಗೆ ಇಳಿಯಬೇಕಿತ್ತು.

ಈಗ ಲೆಕ್ಕಕ್ಕೆ ಬರೋಣ. ಸುಲಭವಾಗಲೆಂದು ಉದ್ದ 260 ಕಿ.ಮೀ. ಎಂದಿಟ್ಟುಕೊಳ್ಳಿ. ಇಡೀ ರಸ್ತೆ ಸಿದ್ಧವಾಗಿದ್ದು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋದರೆ 2 ಗಂಟೆ 36 ನಿಮಿಷ ಸಾಕು. ಈಗ ಶೇಕಡ 90, ಅಂದರೆ 234 ಕಿ.ಮೀ. ಮಾತ್ರ ಸಿದ್ಧವಾಗಿದೆ, ಉಳಿದ 26 ಕಿ.ಮೀ.ಗಳಲ್ಲಿ ಅಡ್ಡದಾರಿ, ಹೊಂಡ, ಜಲ್ಲಿ ಲಾರಿಗಳ ನಡುವೆ ಗಂಟೆಗೆ 20 ಕಿ.ಮೀ. ವೇಗ ಎನ್ನೋಣ. ಸಿದ್ಧ ಭಾಗಕ್ಕೆ 2 ಗಂಟೆ 20 ನಿಮಿಷ, ಉಳಿದದ್ದಕ್ಕೆ 1 ಗಂಟೆ 18 ನಿಮಿಷ. ಒಟ್ಟು 3 ಗಂಟೆ 38 ನಿಮಿಷ. ಉದ್ದದಲ್ಲಿ ಹತ್ತನೆಯ ಒಂದು ಪಾಲಾದ ತುಣುಕು ಸಮಯದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ನುಂಗಿತು! ಸರಾಸರಿ ವೇಗ 92 ಇರಬೇಕೆಂದು ಮನಸ್ಸು ಹೇಳುತ್ತದೆ, ಬಂದದ್ದು 71. ವೇಗಗಳ ಸರಾಸರಿ ತೆಗೆಯುವಾಗ ಬೇಕಾದದ್ದು ಹರಾತ್ಮಕ ಸರಾಸರಿ. ಅದರಲ್ಲಿ ನಿಧಾನದ ತುಣುಕೇ ಯಜಮಾನ. ಬಲ್ಬಿನ ಮಾಲೆಯಂತೆ ಪೂರಾ ಕತ್ತಲೆಯಾಗದಿರುವುದು ಸುತ್ತುದಾರಿ ಇರುವುದರಿಂದ ಮಾತ್ರ. ಕಡಿದ ಜಾಗದಲ್ಲಿ ಹೆಚ್ಚು ರೋಧದ ಒಂದು ತಂತಿಯನ್ನು ಸಿಕ್ಕಿಸಿದ ಹಾಗೆ.

ಹಣದ ಲೆಕ್ಕವೂ ಹೀಗೆಯೇ. ಪ್ರಕಟಿತ ವೆಚ್ಚವನ್ನು ಉದ್ದಕ್ಕೆ ಹಂಚಿದರೆ ಕರ್ನಾಟಕದ 72 ಕಿ.ಮೀ.ಗೆ ಸುಮಾರು 4,000 ಕೋಟಿ ರೂಪಾಯಿ ಬೀಳುತ್ತದೆ. ಇದಕ್ಕೆ ಶೇಕಡ 8ರ ಬಡ್ಡಿ ಹಾಕಿದರೆ ದಿನವೊಂದಕ್ಕೆ ಹೆಚ್ಚುಕಡಿಮೆ 90 ಲಕ್ಷ. ಇದು ನಾನೇ ಮಾಡಿದ ಸ್ಥೂಲ ಅಂದಾಜು; ನಿಜವಾದ ಹಣಕಾಸು ವ್ಯವಸ್ಥೆ ಇದಕ್ಕಿಂತ ಜಟಿಲ. ಆದರೂ ಮುಂದಿನ ಕೊಂಡಿ ಇಲ್ಲದೆ ಮೊದಲೇ ಮುಗಿದ ತುಣುಕು ಪ್ರತಿದಿನ ಏನು ಬೆಲೆ ಕೇಳುತ್ತದೆ ಎಂಬುದರ ಕಲ್ಪನೆ ಬರುತ್ತದೆ. ಭೂಮಿ ಸಿಗುವುದು ಕಷ್ಟವೆಂದೂ ಅರಣ್ಯದ ಒಪ್ಪಿಗೆ ತಡವಾಗುವುದೆಂದೂ ಗೊತ್ತಿದ್ದಾಗ, ಅತಿ ಕಷ್ಟದ ತುಣುಕನ್ನು ಮೊದಲು ಹಿಡಿಯುವುದು ವಿವೇಕ. ನಮ್ಮಲ್ಲಿ ಸುಲಭದ ತುಣುಕನ್ನು ಮೊದಲು ಹಿಡಿಯುತ್ತಾರೆ, ಏಕೆಂದರೆ ಶೇಕಡಾವಾರು ಅಂಕಿ ಬೇಗ ಏರುವುದು ಹಾಗೆ ಮಾಡಿದಾಗ.

ಈ ರೋಗ ಚೆನ್ನೈ ದಾರಿಗೆ ಮಾತ್ರ ಅಂಟಿದ್ದಲ್ಲ. ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ನ್ನು, ಹಿಂದಿನ 17ನ್ನು, ತೆಗೆದುಕೊಳ್ಳಿ. ಮಹಾರಾಷ್ಟ್ರದ ಪನ್ವೇಲಿನಿಂದ ಗೋವೆಯತ್ತ 2011ರಲ್ಲಿ ಹಿಡಿದ ಅಗಲೀಕರಣ ಒಂದು ದಶಕ ಕಳೆದರೂ ಮುಗಿದಿರಲಿಲ್ಲ. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ತಲಪಾಡಿ, ಹೆಜಮಾಡಿ, ಸಾಸ್ತಾನಗಳ ಸುಂಕದ ಕಟ್ಟೆಗಳು 2017ರ ಹೊತ್ತಿಗೆ ಕೆಲಸ ಆರಂಭಿಸಿದವು. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ತೆರೆದದ್ದು 2020ರ ಜನವರಿ 31ರಂದು. ಒಂದು ಕಿಲೋಮೀಟರಿಗಿಂತ ಚಿಕ್ಕದಾದ ಆ ಸೇತುವೆಗೆ ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ಮಂಗಳೂರನ್ನು ಹೊಕ್ಕವರ ಸಮಯವನ್ನು ನಿರ್ಧರಿಸುತ್ತಿದ್ದುದು ಆ ವೃತ್ತವೇ ಹೊರತು ಆಚೀಚೆಯ ಚತುಷ್ಪಥವಲ್ಲ.

ಸೇತುವೆ ಮುಗಿಯುವ ಮುನ್ನ ಸುಂಕ ಹೇಗೆ ಬಂತು? ಖಾಸಗಿಯವರು ನಿರ್ಮಿಸಿ, ನಡೆಸಿ, ಬಳಿಕ ಹಸ್ತಾಂತರಿಸುವ ಬಗೆಯ ಗುತ್ತಿಗೆಗಳಲ್ಲಿ ಉದ್ದದ ಶೇಕಡ 75 ಮುಗಿದರೆ ತಾತ್ಕಾಲಿಕ ಪೂರ್ಣತಾ ಪತ್ರ ನೀಡಿ ವಸೂಲಿಗೆ ಬಿಡುವ ಷರತ್ತಿದೆ. ಶೇಕಡಾವಾರು ಇಲ್ಲಿ ಕೇವಲ ಪತ್ರಿಕಾ ಪ್ರಕಟಣೆಯಲ್ಲ, ಕಾನೂನು. ಉಳಿದ ಶೇಕಡ 25ರಲ್ಲಿ ಸೇತುವೆಗಳು, ಪೇಟೆಯ ನಡುವಿನ ಜಾಗಗಳು, ವ್ಯಾಜ್ಯದ ಜಮೀನುಗಳು, ಅಂದರೆ ಅತಿ ಹೆಚ್ಚು ರೋಧದ ತುಣುಕುಗಳೆಲ್ಲ ಸೇರಿಕೊಳ್ಳುವುದು ಸಹಜ. ಅವನ್ನು ಮುಗಿಸಬೇಕೆಂಬ ಆತುರ ವಸೂಲಿ ಶುರುವಾದ ಮೇಲೆ ಯಾರಿಗೆ ಇದ್ದೀತು? ಸುರತ್ಕಲ್ಲಿನ ಸುಂಕದ ಕಟ್ಟೆ ದೀರ್ಘ ಹೋರಾಟದ ನಂತರ 2022ರ ಡಿಸೆಂಬರ್ 1ರಿಂದ ನಿಂತಿತು. ಆದರೆ ಷರತ್ತಿನ ಹಿಂದಿನ ತಪ್ಪು ಗಣಿತವನ್ನು ಆ ಹೋರಾಟದಲ್ಲಿ ಯಾರೂ ಅಷ್ಟಾಗಿ ಪ್ರಶ್ನಿಸಿದಂತೆ ಕಾಣಲಿಲ್ಲ. ಕಟ್ಟೆ ಎಲ್ಲಿರಬೇಕು ಎಂಬುದೇ ಚರ್ಚೆಯಾಯಿತು. ಇನ್ನು 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆ ಬಿದ್ದು ಜನ ಸತ್ತಾಗ, ರಸ್ತೆಗಾಗಿ ಕಡಿದ ಇಳಿಜಾರು ಕೂಡ ರಸ್ತೆಯ ಭಾಗವೇ ಎಂಬುದು ಎಲ್ಲರಿಗೂ ಅರಿವಾಯಿತು. ಶೇಕಡಾವಾರಿನಲ್ಲಿ ಇಳಿಜಾರಿಗೆ ಸ್ಥಾನವಿಲ್ಲ; ಡಾಂಬರಿನ ಉದ್ದಕ್ಕೆ ಮಾತ್ರ.

ಮತ್ತೆ ನಮ್ಮ ದಾರಿಗೆ ಬರೋಣ. ಎಕ್ಸ್‌ಪ್ರೆಸ್‌ವೇ ಪೂರ್ತಿಯಾಗಿ ಮುಗಿದ ಸ್ಥಿತಿಯನ್ನೇ ಊಹಿಸಿದರೂ ಸರಣಿಯ ನಿಯಮ ಬೆನ್ನು ಬಿಡುವುದಿಲ್ಲ. ಹೊಸಕೋಟೆ ಬೆಂಗಳೂರಲ್ಲ, ಶ್ರೀಪೆರಂಬುದೂರು ಚೆನ್ನೈಯಲ್ಲ. ಎರಡು ಕಡೆಯ ನಗರದ ಹಾದಿ ಸೇರಿ ಸುಮಾರು 65 ಕಿ.ಮೀ. ಅಲ್ಲಿ ಗಂಟೆಗೆ 25 ಕಿ.ಮೀ. ಸಿಕ್ಕರೆ ಪುಣ್ಯ. ಹಾಗಾದರೆ ಅದಕ್ಕೆ ತಗಲುವ ಸಮಯ 2 ಗಂಟೆ 36 ನಿಮಿಷ. 260 ಕಿ.ಮೀ.ಯನ್ನು 100ರ ವೇಗದಲ್ಲಿ ದಾಟಲು ಬೇಕಾದಷ್ಟೇ! ಈಗ ಹೆದ್ದಾರಿಯಲ್ಲಿ ವೇಗವನ್ನು 100ರಿಂದ 120ಕ್ಕೆ ಏರಿಸಿ: 26 ನಿಮಿಷ ಉಳಿಯುತ್ತದೆ. ಅದರ ಬದಲು ನಗರದೊಳಗೆ 25ರಿಂದ 30ಕ್ಕೆ ಏರಿಸಿ: ಆಗಲೂ 26 ನಿಮಿಷವೇ ಉಳಿಯುತ್ತದೆ. ಮೊದಲನೆಯದಕ್ಕೆ ಗಾಳಿಯ ಎಳೆತದ ವಿರುದ್ಧ ಪ್ರತಿ ಕಿಲೋಮೀಟರಿಗೆ ಶೇಕಡ 44ರಷ್ಟು ಹೆಚ್ಚು ಶಕ್ತಿ ಬೇಕು, ಏಕೆಂದರೆ ಆ ಎಳೆತ ವೇಗದ ವರ್ಗಕ್ಕೆ ಅನುಗುಣ. ಎರಡನೆಯದರಲ್ಲಿ ಇಂಧನ ಉಳಿಯುವ ಸಂಭವವೇ ಹೆಚ್ಚು. ಹೀಗಿದ್ದೂ 120 ಎಂಬ ಅಂಕಿ ಜಾಹೀರಾತಿಗೆ ಬರುತ್ತದೆ, 30 ಎಂಬುದು ಬರುವುದಿಲ್ಲ.

ವೇಗದ ವರ್ಗದ ಮಾತು ಬಂದದ್ದರಿಂದ ಅಪಘಾತದ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. 1,500 ಕಿಲೋಗ್ರಾಂ ತೂಕದ ಕಾರು ಗಂಟೆಗೆ 120 ಕಿ.ಮೀ., ಅಂದರೆ ಸೆಕೆಂಡಿಗೆ 33 ಮೀಟರಿಗಿಂತ ಸ್ವಲ್ಪ ಹೆಚ್ಚು ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 830 ಕಿಲೋಜೌಲ್. 56 ಮೀಟರ್ ಎತ್ತರದಿಂದ, ಹದಿನೆಂಟು ಅಂತಸ್ತಿನ ಕಟ್ಟಡದ ಮೇಲಿನಿಂದ, ಅದೇ ಕಾರನ್ನು ಬೀಳಿಸಿದರೆ ನೆಲ ಮುಟ್ಟುವಾಗ ಇರುವ ಶಕ್ತಿ ಇದು. 40 ಕಿ.ಮೀ. ವೇಗದಲ್ಲಾದರೆ ಎತ್ತರ ಆರೂಕಾಲು ಮೀಟರ್. ವೇಗ ಮೂರು ಪಟ್ಟು, ಶಕ್ತಿ ಒಂಬತ್ತು ಪಟ್ಟು.

ನಿಲ್ಲುವ ದೂರವನ್ನೂ ಲೆಕ್ಕ ಹಾಕಬಹುದು. ಅಡ್ಡಿಯನ್ನು ಕಂಡು ಬ್ರೇಕ್ ಒತ್ತುವವರೆಗೆ ಎರಡೂವರೆ ಸೆಕೆಂಡು ಎಂದು ರಸ್ತೆ ವಿನ್ಯಾಸಕಾರರು ಹಿಡಿಯುತ್ತಾರೆ. ಅಷ್ಟರಲ್ಲಿ ಕಾರು 83 ಮೀಟರ್ ಸಾಗಿರುತ್ತದೆ. ಘರ್ಷಣಾಂಕ 0.35 ಎಂದರೆ ಬ್ರೇಕ್ ಹಿಡಿದ ಮೇಲೆ ಇನ್ನೂ 162 ಮೀಟರ್. ಒಟ್ಟು 245 ಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನಕದಲ್ಲಿ ಈ ವೇಗಕ್ಕೆ 250 ಮೀಟರ್ ಎಂದಿರುವುದು ಇದರಿಂದಲೇ. ಆದರೆ ತಗ್ಗಿಸಿದ ಹೆಡ್‌ಲೈಟಿನ ಬೆಳಕು 50–60 ಮೀಟರಿಗಿಂತ ಮುಂದಕ್ಕೆ ಸರಿಯಾಗಿ ಕಾಣಿಸುವುದಿಲ್ಲ. ಅಂದರೆ ರಾತ್ರಿ ಆ ವೇಗದಲ್ಲಿ ಓಡಿಸುವವನು ಕಣ್ಣಿಂದ ಓಡಿಸುತ್ತಿಲ್ಲ, ಎದುರಿಗೆ ಯಾರೂ ಇರಲಾರರು ಎಂಬ ನಂಬಿಕೆಯಿಂದ ಓಡಿಸುತ್ತಿದ್ದಾನೆ. ಆ ನಂಬಿಕೆಗೆ ಆಧಾರ ಯಾವುದು? ಬೇಲಿ, ಕೆಳಸೇತುವೆ, ಪ್ರವೇಶದಲ್ಲಿನ ಕಾವಲು, ಬೈಕು–ಟ್ರ್ಯಾಕ್ಟರುಗಳ ನಿಷೇಧ. ಆದ್ದರಿಂದ ಬೇಲಿ ರಸ್ತೆಯ ಅಲಂಕಾರವಲ್ಲ, ಬ್ರೇಕಿನಂತೆ ಅದರ ಯಂತ್ರಭಾಗ.

2024ರ ಡಿಸೆಂಬರಿನಲ್ಲಿ ತುಣುಕು ತೆರೆದಾಗ ಡಾಂಬರು ಸಿದ್ಧವಿತ್ತು, ಈ ನಂಬಿಕೆಯ ವ್ಯವಸ್ಥೆ ಸಿದ್ಧವಿರಲಿಲ್ಲ. ನುಣುಪಾದ ಹೊಸ ರಸ್ತೆ, ಸುಂಕವಿಲ್ಲ, ತಡೆಯುವವರಿಲ್ಲ. ಅಕ್ಕಪಕ್ಕದ ಹಳ್ಳಿಗಳ ಬೈಕುಗಳು ಹತ್ತದೆ ಇರುತ್ತವೆಯೇ? ಗಂಟೆಗೆ 50 ಕಿ.ಮೀ. ವೇಗದಲ್ಲಿ ತಪ್ಪು ದಿಕ್ಕಿನಿಂದ ಬರುವ ಬೈಕು, 120ರಲ್ಲಿ ಬರುವ ಕಾರು. ನಡುವೆ 250 ಮೀಟರ್ ಇದ್ದರೂ ಐದು ಸೆಕೆಂಡಿನಲ್ಲಿ ಮುಖಾಮುಖಿ. 2025ರ ಮಾರ್ಚಿನಲ್ಲಿ ಬಂಗಾರಪೇಟೆ ತಾಲ್ಲೂಕಿನಲ್ಲಿ ಕಾರು ಮತ್ತು ಬೈಕಿನ ಅಪಘಾತವೊಂದರಲ್ಲೇ ನಾಲ್ವರು ಸತ್ತರು. 'ಅತಿವೇಗ, ಅಜಾಗರೂಕತೆ' ಎಂಬ ಮಾಮೂಲು ಷರಾ ಇಂಥ ಕಡೆ ಅರ್ಧ ಸತ್ಯ ಮಾತ್ರ. ಅತಿವೇಗವನ್ನು ಆಹ್ವಾನಿಸುವ ರಸ್ತೆಯನ್ನು ಅದರ ರಕ್ಷಣಾ ಭಾಗಗಳಿಲ್ಲದೆ ತೆರೆದದ್ದು ಇನ್ನರ್ಧ.

ಇದು ಮೊದಲೇ ತಿಳಿಯದ ವಿಷಯವೇನೂ ಆಗಿರಲಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಉದ್ಘಾಟಿಸಲಾಯಿತು. ಆ ವರ್ಷದ ಮೊದಲ ಅರ್ಧದಲ್ಲೇ ಅಲ್ಲಿ ನೂರರಷ್ಟು ಜನ ಸತ್ತರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿ, ವೇಗಮಿತಿಯನ್ನು ಕ್ಯಾಮೆರಾಗಳ ಮೂಲಕ ಜಾರಿಗೊಳಿಸಿದ ಮೇಲೆ ಸಾವುಗಳು ಇಳಿದವು. ಔಷಧಿ ಏನೆಂದು ಮೈಸೂರು ದಾರಿಯಲ್ಲಿ ಗೊತ್ತಾಗಿತ್ತು. ಒಂದೂವರೆ ವರ್ಷದ ಬಳಿಕ ಮಾಲೂರು ದಾರಿಯಲ್ಲಿ ಅದನ್ನು ಮೊದಲ ದಿನದಿಂದಲೇ ಕೊಡಬಹುದಿತ್ತು.

ಇನ್ನು ಜಿಲ್ಲೆಗೆ ಆಗುವ ಲಾಭದ ವಿಚಾರ. ಮಾಲೂರಿನ ಇಟ್ಟಿಗೆ, ಹೆಂಚು, ಹೂವು ಹಾಗೂ ಕೈಗಾರಿಕೆಗಳಿಗೆ ಹತ್ತಿರದಲ್ಲೇ ಏರುದಾರಿ ಸಿಗುವುದರಿಂದ ಅನುಕೂಲವಿದೆ, ಅದನ್ನು ಒಪ್ಪಬೇಕು. ಆದರೆ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳು ಇರುವುದು ಹಳೆಯ ರಸ್ತೆಗಳ ಮೇಲೆ. ಬೇಸಿಗೆಯಲ್ಲಿ ಶ್ರೀನಿವಾಸಪುರದಿಂದ ಹೊರಡುವ ಮಾವಿನ ಲಾರಿ ಮುಳಬಾಗಿಲಿನ ಹಾದಿಯಲ್ಲೇ ಪೂರ್ವಕ್ಕೆ ಹೋಗಬೇಕು. ದಕ್ಷಿಣಕ್ಕೆ ಸುತ್ತಿ ಬಂದು ಎಕ್ಸ್‌ಪ್ರೆಸ್‌ವೇ ಹತ್ತುವುದು ಗಿಟ್ಟುವುದಿಲ್ಲ. ಹಳೆಯ ಮದರಾಸು ರಸ್ತೆ ಊರೂರಿಗೂ ಕೊಂಡಿ ಕೊಟ್ಟ ತೆರೆದ ತಂತಿಯಂತಿತ್ತು. ಇದು ಹೊದಿಕೆ ಹಾಕಿದ ತಂತಿ, ವಿದ್ಯುತ್ತು ಹರಿಯುವುದು ಎರಡು ತುದಿಗಳ ಸಲುವಾಗಿ.

ಹೊದಿಕೆಯ ಹೊರಗೆ ಉಳಿದವನ ಸಮಯವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ ಇರುವ ರೈತನೊಬ್ಬನಿಗೆ ಕೆಳಸೇತುವೆಯವರೆಗೆ ಸುತ್ತಿ ಬರಲು 2 ಕಿ.ಮೀ. ಹೆಚ್ಚಾಯಿತು ಎಂದುಕೊಳ್ಳಿ. ದನಗಳ ಜೊತೆ ನಡೆದು ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಕಾರಿನವನು 100ರಿಂದ 120ಕ್ಕೆ ಏರಿಸಿ ಯಾವಾಗಲೋ ಒಮ್ಮೆ ಉಳಿಸಿದ್ದು 26 ನಿಮಿಷ. ಇವನು ದಿನವೂ ಕಳೆದದ್ದು 60. ಯೋಜನಾ ವರದಿಗಳ ಲಾಭದ ಕಲಮಿನಲ್ಲಿ ಮೊದಲನೆಯದು ರೂಪಾಯಿಯಾಗಿ ಬರುತ್ತದೆ. ಎರಡನೆಯದಕ್ಕೆ ಕಲಮೇ ಇಲ್ಲ.

ಕೊನೆಯದಾಗಿ ನೀರು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆ ಬದುಕಿರುವುದು ಕೆರೆಗಳ ಸರಪಳಿಯಿಂದ: ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಕಾಲುವೆ. ಇದೂ ಸರಣಿ ಜೋಡಣೆಯೇ! 2018ರ ಜೂನಿನಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಮುಂದಿನ ಕೆರೆಗಳಿಗೆ ಇಳಿದದ್ದು ಇದೇ ಸರಪಳಿಯಲ್ಲಿ. ಇಂಥ ನೆಲದ ಮೇಲೆ 72 ಕಿ.ಮೀ. ಉದ್ದದ ಏರಿಯನ್ನು ಕಟ್ಟಿದಾಗ ಅದು ಎಷ್ಟು ಕಾಲುವೆಗಳನ್ನು ಅಡ್ಡಹಾಯುತ್ತದೆ ಎಂಬುದು ಮೊದಲ ಪ್ರಶ್ನೆಯಾಗಬೇಕು. ಮೋರಿಗಳ ಅಗಲವನ್ನು ದೊಡ್ಡ ಪ್ರವಾಹಕ್ಕೆ ತಕ್ಕಂತೆ ಲೆಕ್ಕ ಹಾಕುತ್ತಾರೆ, ಸರಿ. 2022ರ ಆಗಸ್ಟಿನಲ್ಲಿ ಕೆರೆಗಳು ತುಂಬಿ ಒಡೆದು ರಾಮನಗರದ ಬಳಿ ಮೈಸೂರು ಹೆದ್ದಾರಿಯೇ ಮುಳುಗಿದ್ದನ್ನು ನೋಡಿದವರಿಗೆ ಆ ಲೆಕ್ಕದ ಮಹತ್ವ ಗೊತ್ತು. ಆದರೆ ಕೋಲಾರದಂಥ ಕಡೆ ಪ್ರವಾಹಕ್ಕಿಂತ ಹೆಚ್ಚು ಬೆಲೆ ಸಣ್ಣ ಹರಿವಿಗೆ. ಅಲ್ಲಿ ಮುಖ್ಯವಾಗುವುದು ಮೋರಿಯ ಅಗಲವಲ್ಲ, ಅದರ ತಳದ ಮಟ್ಟ. ಸಾವಿರಕ್ಕೆ ಒಂದು ಇಳಿಜಾರಿರುವ ಕಾಲುವೆಯಲ್ಲಿ ಮೋರಿಯ ತಳ 30 ಸೆಂಟಿಮೀಟರ್ ಮೇಲಿದ್ದರೆ ಸಾಕು, ನೀರು 300 ಮೀಟರ್ ಹಿಂದಕ್ಕೆ ನಿಂತು ಅಲ್ಲೇ ಇಂಗಿ ಆವಿಯಾಗುತ್ತದೆ. ಒಳ್ಳೆಯ ಮಳೆ ಬಂದ ವರ್ಷವೂ ಕೆಳಗಿನ ಕೆರೆ ಒಣಗಿಯೇ ಇದ್ದಾಗ ಮಾತ್ರ ಊರಿನವರಿಗೆ ಅನುಮಾನ ಬರುತ್ತದೆ.

ಅನುಮಾನ ಬರುವವರೆಗೆ ಕಾಯಬೇಕಿಲ್ಲ. ಇಪ್ಪತ್ತು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ನಳಿಕೆ, ಒಂದು ಬಕೆಟ್ ನೀರು, ಎರಡು ಅಳತೆಪಟ್ಟಿಗಳಿದ್ದರೆ ಮಟ್ಟವನ್ನು ಸೆಂಟಿಮೀಟರಿನಷ್ಟು ನಿಖರವಾಗಿ ಒಯ್ಯಬಹುದು. ಮನೆ ಕಟ್ಟುವ ಮೇಸ್ತ್ರಿಗಳು ದಿನವೂ ಮಾಡುವ ಕೆಲಸವಿದು. ನಳಿಕೆಯಲ್ಲಿ ಗಾಳಿಯ ಗುಳ್ಳೆ ಉಳಿಯದಂತೆ ನೋಡಿಕೊಳ್ಳಬೇಕು, ಅಷ್ಟೇ. ಮಾಲೂರು, ಬಂಗಾರಪೇಟೆಗಳ ಕಾಲೇಜುಗಳ ಭೌತವಿಜ್ಞಾನ ವಿದ್ಯಾರ್ಥಿಗಳು ಮಳೆಗಾಲಕ್ಕೆ ಮುಂಚಿನ ಒಂದೆರಡು ಭಾನುವಾರ ಹೊರಟು, ಏರಿಯ ಎರಡೂ ಬದಿಯ ಕಾಲುವೆಯ ತಳ ಮತ್ತು ನಡುವಿನ ಮೋರಿಯ ತಳ, ಹೀಗೆ ಮೂರು ಮಟ್ಟಗಳನ್ನು ಪ್ರತಿ ಮೋರಿಗೂ ಬರೆದುಕೊಂಡು ಬರಬಹುದು. ಕಾಲುವೆ ಹೂಳು ತುಂಬಿ ಗುರುತು ಸಿಗದಿದ್ದರೆ ಊರಿನ ನೀರುಗಂಟಿಯನ್ನೋ ವಯಸ್ಸಾದ ರೈತರನ್ನೋ ಕೇಳಿದರೆ ತೋರಿಸುತ್ತಾರೆ. ಆ ಪಟ್ಟಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಇನ್ನೊಂದನ್ನು ಸಣ್ಣ ನೀರಾವರಿ ಇಲಾಖೆಗೂ ಕೊಡಬೇಕು.